ಲೋಳೆಯಾಟಿಕೆಯ ಪರೀಕ್ಷೆ

ಎಂಟು ತಿಂಗಳ ಮಗುವಿನ ಕೈಗೆ ಏನನ್ನಿತ್ತರೂ ಅದು ಮೊದಲು ಬಾಯಿಗೆ ಹೋಗುತ್ತದೆ. ಮರದ ಗಿಲಕಿಯಾಗಲಿ, ತಾಯಿಯ ಸೆರಗಿನ ಅಂಚಾಗಲಿ, ಅಂಗಳದ ಕಲ್ಲಾಗಲಿ, ನಾಲಿಗೆಯಿಂದ ಮುಟ್ಟಿ ನೋಡದೆ ಮಗು ಅದನ್ನು ಬಿಡುವುದಿಲ್ಲ. ಇದು ಮಗುವಿನ ತಂಟೆಯಲ್ಲ. ಲೋಕವನ್ನು ಅರಿಯಲು ಪ್ರಕೃತಿ ಅದಕ್ಕೆ ಕಲಿಸಿರುವ ಮೊದಲ ಪಾಠ. ದೊಡ್ಡವರಿಗೆ ಆಟಿಕೆಯೆಂದರೆ ಕಣ್ಣಿಗೆ ಚೆಂದವಾದ ವಸ್ತು; ಮಗುವಿಗಾದರೋ ಅದು ಅರೆಪಾಲು ತಿನಿಸು. ಆಟಿಕೆಯನ್ನು ಮಾಡುವವರೂ ಮಾರುವವರೂ ಕೊಳ್ಳುವವರೂ ಈ ಸಂಗತಿಯನ್ನು ಮರೆಯುವಂತಿಲ್ಲ.

ಇಂದಿನ ಮಕ್ಕಳ ಕೈಯಲ್ಲಿ ಹಿಂದಿನವರು ಕಾಣದಿದ್ದ ಒಂದು ಬಗೆಯ ಆಟಿಕೆ ಇದೆ. ಅದಕ್ಕೆ ಗೊತ್ತಾದ ಆಕಾರವಿಲ್ಲ. ಡಬ್ಬಿಯಿಂದ ಅಂಗೈಗೆ ಸುರಿದುಕೊಂಡರೆ ತಂಪಾಗಿ, ನುಣುಪಾಗಿ ಹರಡಿಕೊಳ್ಳುತ್ತದೆ. ಮೆಲ್ಲನೆ ಎಳೆದರೆ ಬೆಲ್ಲದ ಪಾಕದಂತೆ ಎಳೆಯಾಗಿ ಇಳಿಯುತ್ತದೆ. ಥಟ್ಟನೆ ಜಗ್ಗಿದರೆ ತುಂಡಾಗುತ್ತದೆ. ಉಂಡೆ ಮಾಡಿ ಮೇಜಿನ ಮೇಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಹಸಿರು, ನೀಲಿ, ಗುಲಾಬಿ ಬಣ್ಣಗಳನ್ನು ಕೂಡಿಸಿ, ಹಣ್ಣಿನ ಪರಿಮಳವನ್ನು ಬೆರೆಸಿ ಇದನ್ನು ಮಾರುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ‘ಸ್ಲೈಮ್’. ಕನ್ನಡದಲ್ಲಿ ನಾವು ಲೋಳೆಯಾಟಿಕೆ ಎನ್ನಬಹುದು.

1976ರಲ್ಲಿ ಅಮೆರಿಕದ ಮ್ಯಾಟೆಲ್ ಎಂಬ ಆಟಿಕೆ ಸಂಸ್ಥೆಯು ಕಸದ ತೊಟ್ಟಿಯ ಆಕಾರದ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಸಿರು ಲೋಳೆಯನ್ನು ತುಂಬಿ ಮಾರಾಟಕ್ಕಿಟ್ಟಿತು. ಗೌರ್ ಗೋಂದು ಮತ್ತು ಬೊರಾಕ್ಸ್ ಅದರ ಮುಖ್ಯ ದ್ರವ್ಯಗಳು. ಹೆಸರುಗಳು ಪರಕೀಯವೆನಿಸಿದರೂ ಈ ಎರಡು ವಸ್ತುಗಳೂ ನಮಗೆ ಹೊಸವಲ್ಲ. ನಮ್ಮ ಮನೆಗಳಲ್ಲಿ ಪಲ್ಯ ಮಾಡುವ ಗೋರಿಕಾಯಿಯ ಬೀಜದಿಂದಲೇ ಗೌರ್ ಗೋಂದನ್ನು ತೆಗೆಯುತ್ತಾರೆ. ಇದರ ಉತ್ಪಾದನೆಯಲ್ಲಿ ಭಾರತವೇ ಜಗತ್ತಿಗೆ ಮೊದಲನೆಯದು; ಅದರಲ್ಲಿಯೂ ರಾಜಸ್ಥಾನದ ಪಾಲು ಬಹು ದೊಡ್ಡದು. ಬೊರಾಕ್ಸ್ ಎಂಬುದು ಅಕ್ಕಸಾಲಿಗರು ಚಿನ್ನ ಬೆಳ್ಳಿಗಳನ್ನು ಬೆಸೆಯುವಾಗ ಬಳಸುವ ಬಿಳಿಗಾರ. ಸಂಸ್ಕೃತದಲ್ಲಿ ಇದನ್ನು ಟಂಕಣವೆನ್ನುತ್ತಾರೆ. ಪೂರ್ವಕಾಲದಲ್ಲಿ ಇದು ಟಿಬೆಟ್ಟಿನ ಸರೋವರಗಳ ದಂಡೆಯಿಂದ ವ್ಯಾಪಾರಿಗಳ ಮೂಲಕ ದೇಶದೇಶಗಳಿಗೆ ಸಾಗುತ್ತಿತ್ತು.

ಈಗ ಗೌರ್ ಗೋಂದಿನ ಬದಲಿಗೆ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಕೃತಕ ಅಂಟನ್ನು ಹೆಚ್ಚಾಗಿ ಬಳಸುತ್ತಾರೆ. ಅದರ ಅಣುಗಳು ಶಾವಿಗೆಯ ಎಳೆಗಳಂತೆ ನೀಳವಾದವು. ನೀರಿನಲ್ಲಿ ಅವು ಒಂದರ ಮೇಲೊಂದು ಜಾರುತ್ತಾ ತೇಲುತ್ತವೆ. ಇದಕ್ಕೆ ಬಿಳಿಗಾರದ ದ್ರಾವಣವನ್ನು ಹನಿಸಿದೊಡನೆ, ಬಿಳಿಗಾರದಲ್ಲಿರುವ ಬೋರೇಟ್ ಕಣಗಳು ಎಳೆಗೂ ಎಳೆಗೂ ನಡುವೆ ಕೊಂಡಿಗಳಾಗಿ ನಿಲ್ಲುತ್ತವೆ. ತೆಳುವಾದ ಅಂಟು ಕಣ್ಣೆದುರಿಗೇ ಗಟ್ಟಿ ಲೋಳೆಯಾಗುತ್ತದೆ. ಈ ಕೊಂಡಿಗಳು ಸಡಿಲವಾದವು. ಅವು ಬಿಡುತ್ತಲೂ ಮತ್ತೆ ಕಟ್ಟಿಕೊಳ್ಳುತ್ತಲೂ ಇರುತ್ತವೆ. ಮೆಲ್ಲನೆ ಎಳೆದಾಗ ಬಿಟ್ಟ ಕೊಂಡಿ ಮತ್ತೊಂದೆಡೆ ಕೂಡಿಕೊಳ್ಳಲು ಸಮಯ ದೊರೆಯುವುದರಿಂದ ಲೋಳೆ ಹರಿಯುತ್ತದೆ. ಥಟ್ಟನೆ ಜಗ್ಗಿದಾಗ ಆ ಸಮಯವಿಲ್ಲದೆ ಅದು ತುಂಡಾಗುತ್ತದೆ. ಮಕ್ಕಳನ್ನು ಬೆರಗುಗೊಳಿಸುವ ಆಟವೆಲ್ಲ ಈ ಕೊಂಡಿಗಳದೇ. ಆದರೆ ಕೊಂಡಿಯೊಳಗೆ ಕುಳಿತಿರುವುದು ಬೋರಾನ್ ಎಂಬ ಧಾತು. ಪರೀಕ್ಷೆಯ ಪ್ರಶ್ನೆ ಹುಟ್ಟುವುದೂ ಅಲ್ಲಿಯೇ.

ಬೋರಾನ್ ಕೆಟ್ಟ ವಸ್ತುವೇ? ಹಾಗೆಂದು ಹೇಳಿಬಿಡುವಂತಿಲ್ಲ. ಸಸ್ಯಗಳು ಅದಿಲ್ಲದೆ ಬೆಳೆಯಲಾರವು. ತೆಂಗಿನ ಮರಕ್ಕೆ ಬೋರಾನಿನ ಕೊರತೆಯಾದಾಗ ಗರಿಗಳು ಮುರುಟಿಕೊಳ್ಳುತ್ತವೆ. ಆಗ ರೈತರು ಬುಡಕ್ಕೆ ಬಿಳಿಗಾರವನ್ನು ಹಾಕುತ್ತಾರೆ. ನಾವು ತಿನ್ನುವ ಹಣ್ಣು, ಕಾಳು, ಬೀಜಗಳಲ್ಲಿಯೂ, ಕುಡಿಯುವ ನೀರಿನಲ್ಲಿಯೂ ಅದು ಅತ್ಯಲ್ಪವಾಗಿ ಇದ್ದೇ ಇರುತ್ತದೆ. ಕೇರಂ ಹಲಗೆಯ ಮೇಲೆ ಉದುರಿಸುವ ನುಣುಪಾದ ಪುಡಿಯು ಸಾಮಾನ್ಯವಾಗಿ ಬೋರಿಕ್ ಆಮ್ಲವೇ. ಅದೇ ಬೋರಿಕ್ ಆಮ್ಲವನ್ನು ಜಿರಲೆಗಳನ್ನು ಕೊಲ್ಲುವುದಕ್ಕೂ ಬಳಸುತ್ತಾರೆ. ಹಿಂದೆ ಅದನ್ನು ನಂಜುನಿವಾರಕವೆಂದು ಎಳೆಯ ಕೂಸುಗಳ ಚರ್ಮಕ್ಕೂ ಸವರುತ್ತಿದ್ದರು. ಕೂಸುಗಳ ಸಾವಿಗೆ ಕಾರಣವಾದುದು ತಿಳಿದ ಮೇಲೆ ವೈದ್ಯರು ಆ ಪದ್ಧತಿಯನ್ನು ಕೈಬಿಟ್ಟರು. ಇಡಿಯಾದ ಚರ್ಮದ ಮೂಲಕ ಬೋರಾನ್ ಒಳಹೋಗುವುದು ತೀರ ಕಡಿಮೆ. ಗಾಯವಾದ ಚರ್ಮದಿಂದಲೂ ಬಾಯಿಯಿಂದಲೂ ಅದು ಸುಲಭವಾಗಿ ರಕ್ತವನ್ನು ಸೇರುತ್ತದೆ. ಬಹಳವಾಗಿ ಸೇರಿದಲ್ಲಿ ವಾಂತಿ ಭೇದಿಗಳುಂಟಾಗುತ್ತವೆ. ಮಿತಿಮೀರಿ ದಿನದಿನವೂ ಸೇರುತ್ತಾ ಹೋದರೆ ಸಂತಾನಶಕ್ತಿಗೂ ಗರ್ಭಸ್ಥ ಶಿಶುವಿನ ಬೆಳವಣಿಗೆಗೂ ಹಾನಿಯಾಗುವುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತಿಳಿಸಿವೆ. ಅದರ ಒಳಿತು ಕೆಡಕುಗಳನ್ನು ನಿರ್ಧರಿಸುವುದು ಪ್ರಮಾಣವೇ ಹೊರತು ಹೆಸರಲ್ಲ.

ಹಾಗಾದರೆ ಆಟಿಕೆಯಲ್ಲಿ ಬೋರಾನ್ ಇದೆಯೆಂದು ತಿಳಿಯುವುದು ಹೇಗೆ? ಕಣ್ಣಿಗೆ ಅದು ಕಾಣುವುದಿಲ್ಲ. ಮೂಗಿಗೆ ಹಣ್ಣಿನ ಪರಿಮಳವಷ್ಟೇ ತಿಳಿಯುತ್ತದೆ. ಇಲ್ಲಿ ನಮ್ಮ ಅಡುಗೆಮನೆಯ ಅರಿಶಿನ ನೆರವಿಗೆ ಬರುತ್ತದೆ. ಅರಿಶಿನದ ರಸದಲ್ಲಿ ಅದ್ದಿ ಒಣಗಿಸಿದ ಕಾಗದವನ್ನು ಬಿಳಿಗಾರದ ದ್ರಾವಣಕ್ಕೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಅದರಲ್ಲಿ ಅದ್ದಿ ಮತ್ತೆ ಒಣಗಿಸಿದರೆ, ಹಳದಿ ಬಣ್ಣ ಕೆಂಪುಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮ್ಲವನ್ನು ಏಕೆ ಬೆರೆಸಬೇಕು? ಅರಿಶಿನಕ್ಕೆ ಸುಣ್ಣ ತಾಗಿದರೂ ಓಕುಳಿಯ ಕೆಂಪು ಮೂಡುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಕೆಂಪು ಕ್ಷಾರದ್ದು. ಆಮ್ಲವಿರುವಾಗ ಕ್ಷಾರದ ಕೆಂಪು ನಿಲ್ಲದು. ಬೋರಾನಿನ ಕೆಂಪು ನಿಲ್ಲುತ್ತದೆ. ಬೋರಾನನ್ನು ಗುರುತಿಸಲು ರಸಾಯನಶಾಸ್ತ್ರಜ್ಞರು ಬಹುಕಾಲದಿಂದ ನೆಚ್ಚಿಕೊಂಡಿರುವ ಪರೀಕ್ಷೆ ಇದು. ಆಮ್ಲದ ಕೆಲಸವಾದುದರಿಂದ ಅಧ್ಯಾಪಕರ ಸಮ್ಮುಖದಲ್ಲಿ ಮಾತ್ರ ಇದನ್ನು ಮಾಡಬೇಕು.

ಆದರೆ ಈ ಪರೀಕ್ಷೆಯಿಂದ ನಮಗೆ ದೊರೆತುದು ‘ಇದೆ’ ಎಂಬ ಉತ್ತರ ಮಾತ್ರ. ‘ಎಷ್ಟಿದೆ?’ ಎಂಬುದಕ್ಕೆ ಕಾಗದದ ಬಣ್ಣ ಉತ್ತರ ಹೇಳಲಾರದು. ಬೋರಾನ್ ತುಸುವೂ ಇರಕೂಡದೆಂದರೆ ಗೋಡಂಬಿ ದ್ರಾಕ್ಷಿಗಳನ್ನೂ ಬಿಡಬೇಕಾದೀತು. ಆದುದರಿಂದ ಎಷ್ಟರ ತನಕ ಇರಬಹುದೆಂಬ ಮಿತಿ ಬೇಕು. ಆ ಮಿತಿಯನ್ನು ಅಳೆದು ನೋಡುವ ಮಾರ್ಗವೂ ಬೇಕು.

ಯುರೋಪಿನ ದೇಶಗಳ ಒಕ್ಕೂಟವು 2009ರಲ್ಲಿ ಹೊರಡಿಸಿದ ಆಟಿಕೆಗಳ ಸುರಕ್ಷತಾ ನಿರ್ದೇಶನದಲ್ಲಿ ಇಂತಹ ಮಿತಿಗಳನ್ನು ಗೊತ್ತುಪಡಿಸಿತು. ಲೋಳೆಯಂತೆ ಅಂಟುವ ಅಥವಾ ದ್ರವರೂಪದ ವಸ್ತುವಿನ ಒಂದು ಕಿಲೋಗ್ರಾಂನಿಂದ ಹೊರಬರುವ ಬೋರಾನ್ 300 ಮಿಲಿಗ್ರಾಂಗಳನ್ನು ಮೀರಬಾರದೆಂದು ಅದು ವಿಧಿಸಿತು. ಈ 300 ಎಂಬ ಸಂಖ್ಯೆ ಎಲ್ಲಿಂದ ಬಂತು? ಅಧಿಕಾರಿಗಳು ಮನಬಂದಂತೆ ಬರೆದ ಅಂಕಿ ಇದಲ್ಲ. ಇದರ ಹಿಂದೆ ಒಂದು ಲೆಕ್ಕವಿದೆ. ಆ ಲೆಕ್ಕದ ನಡುವೆ ಒಂದು ಮಗು ಕುಳಿತಿದೆ.

ಗರ್ಭಿಣಿ ಇಲಿಗಳಿಗೆ ಬೋರಾನನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಉಣಿಸಿ ನೋಡಲಾಯಿತು. ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 9.6 ಮಿಲಿಗ್ರಾಂಗಳವರೆಗೆ ಕೊಟ್ಟಾಗ ಮರಿಗಳಲ್ಲಿ ಹಾನಿ ಕಾಣಲಿಲ್ಲ. ಅದಕ್ಕೂ ಹೆಚ್ಚಿಸಿದಾಗ ಮರಿಗಳ ತೂಕ ಕುಗ್ಗಿತು. ಇಲಿ ಬೇರೆ, ಮನುಷ್ಯ ಬೇರೆ. ಮನುಷ್ಯರಲ್ಲಿಯೂ ಎಲ್ಲರ ದೇಹ ಒಂದೇ ತೆರನಲ್ಲ. ಆದುದರಿಂದ ಎಚ್ಚರಿಕೆಗೆಂದು ಆ ಪ್ರಮಾಣವನ್ನು 60ರಿಂದ ಭಾಗಿಸಿದರು. ಬಂದುದು 0.16 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2004ರಲ್ಲಿ ಒಪ್ಪಿದ ಮಿತಿಯೂ ಇದೇ. ಇನ್ನು ಆಟವಾಡುವ ಮಗುವನ್ನು ತೆಗೆದುಕೊಳ್ಳೋಣ. ಲೆಕ್ಕದಲ್ಲಿ ಅದರ ತೂಕವನ್ನು 7.5 ಕಿಲೋಗ್ರಾಂ ಎಂದು ಹಿಡಿದರು. ಅಂದರೆ ಇನ್ನೂ ಅಂಬೆಗಾಲಿಡುವ ಕೂಸು. 0.16ನ್ನು 7.5ರಿಂದ ಗುಣಿಸಿದರೆ 1.2 ಮಿಲಿಗ್ರಾಂ. ಒಂದು ದಿನದಲ್ಲಿ ಆ ಕೂಸಿನ ದೇಹ ಎಲ್ಲ ಮೂಲಗಳಿಂದಲೂ ಸಹಿಸಬಹುದಾದ ಬೋರಾನ್ ಇಷ್ಟು. ಅನ್ನ, ಹಣ್ಣು, ನೀರುಗಳ ಮೂಲಕವೂ ಬೋರಾನ್ ಬರುವುದರಿಂದ ಆಟಿಕೆಯ ಪಾಲಿಗೆ ಇದರ ಹತ್ತನೆಯ ಒಂದು ಭಾಗವನ್ನು ಮಾತ್ರ ಬಿಟ್ಟರು. ಅದು 0.12 ಮಿಲಿಗ್ರಾಂ.

ಅಂಟುವ ವಸ್ತುವಿನೊಡನೆ ಆಡುವ ಮಗು ಬೆರಳು ಚೀಪುತ್ತಾ ದಿನಕ್ಕೆ 400 ಮಿಲಿಗ್ರಾಂ ವಸ್ತುವನ್ನು ನುಂಗಬಹುದೆಂದು ಊಹಿಸಲಾಗಿದೆ. ಆ 400 ಮಿಲಿಗ್ರಾಂ ಲೋಳೆಯಿಂದ 0.12 ಮಿಲಿಗ್ರಾಂಗಿಂತ ಹೆಚ್ಚು ಬೋರಾನ್ ಹೊರಬರಬಾರದು. ಇದನ್ನೇ ಒಂದು ಕಿಲೋಗ್ರಾಂ ಲೋಳೆಗೆ ಲೆಕ್ಕ ಹಾಕಿದರೆ 300 ಮಿಲಿಗ್ರಾಂ! ಒಣಗಿದ, ಪುಡಿಯಾಗುವ ಅಥವಾ ಕಣಕದಂತೆ ಮೆತ್ತಗಿರುವ ವಸ್ತುವನ್ನು ಮಗು ದಿನಕ್ಕೆ 100 ಮಿಲಿಗ್ರಾಂ ಮಾತ್ರ ನುಂಗೀತೆಂದು ಎಣಿಸಿರುವುದರಿಂದ ಅಲ್ಲಿ ಮಿತಿ 1,200 ಮಿಲಿಗ್ರಾಂ. ಗಟ್ಟಿಯಾದ ಆಟಿಕೆಯಿಂದ ಹಲ್ಲಿಗೆ ಕೆರೆದು ಬರುವುದು 8 ಮಿಲಿಗ್ರಾಂ ಮಾತ್ರವಾದುದರಿಂದ ಅಲ್ಲಿ ಮಿತಿ 15,000 ಮಿಲಿಗ್ರಾಂ. ಮೂರು ಮಿತಿಗಳು ಒಂದಕ್ಕೊಂದು ಬಹು ದೂರವಾಗಿ ತೋರುತ್ತವೆ. ನೀವೇ ಗುಣಿಸಿ ನೋಡಿದರೆ ಮೂರರಿಂದಲೂ ಕೂಸಿನ ಹೊಟ್ಟೆಗೆ ಸೇರುವುದು ಅದೇ 0.12 ಮಿಲಿಗ್ರಾಂ ಎಂಬುದು ವ್ಯಕ್ತವಾಗುತ್ತದೆ.

ಮಿತಿ ಗೊತ್ತಾಯಿತು. ಇನ್ನು ಅಳೆಯುವ ಬಗೆಯನ್ನು ನೋಡೋಣ. ಲೋಳೆಯಲ್ಲಿ ಒಟ್ಟು ಎಷ್ಟು ಬೋರಾನ್ ಇದೆಯೆಂಬುದು ಇಲ್ಲಿ ಮುಖ್ಯವಲ್ಲ. ಮಗು ನುಂಗಿದಾಗ ಅದರಿಂದ ಎಷ್ಟು ಬಿಡಿಸಿಕೊಂಡು ಬರುತ್ತದೆಂಬುದು ಮುಖ್ಯ. ಆದಕಾರಣ ಪ್ರಯೋಗಶಾಲೆಯಲ್ಲಿ ವಿಜ್ಞಾನಿಗಳು ಮಗುವಿನ ಜಠರದ ಅಣಕವನ್ನೇ ರಚಿಸುತ್ತಾರೆ. ನಮ್ಮ ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದೇ ಆಮ್ಲದ ತೆಳುವಾದ ದ್ರಾವಣವನ್ನು ಲೋಳೆಯ ತೂಕದ ಐವತ್ತು ಪಟ್ಟು ತೆಗೆದುಕೊಂಡು, ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೋಳೆಯೊಡನೆ ಕೂಡಿಸುತ್ತಾರೆ. ಬೆಳಕು ತಾಗದಂತೆ ಒಂದು ಗಂಟೆ ಅಲುಗಾಡಿಸಿ, ಇನ್ನೊಂದು ಗಂಟೆ ಹಾಗೆಯೇ ಬಿಡುತ್ತಾರೆ. ಬಳಿಕ ದ್ರವವನ್ನು ಸೋಸಿ ಬೇರ್ಪಡಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಪ್ರಯೋಗಶಾಲೆಯ ಉತ್ತಮ ಗಾಜಿನ ಪಾತ್ರೆಗಳಲ್ಲಿಯೂ ಬೋರಾನ್ ಇರುತ್ತದೆ. ಅದು ದ್ರಾವಣಕ್ಕಿಳಿದರೆ ಪಾತ್ರೆಯ ತಪ್ಪು ಆಟಿಕೆಯ ತಲೆಗೆ ಬಂದೀತು. ಆದುದರಿಂದ ಇಂತಹ ಪರೀಕ್ಷೆಗೆ ಪ್ಲಾಸ್ಟಿಕ್ ಪಾತ್ರೆಗಳನ್ನು ಬಳಸುತ್ತಾರೆ. ಲೋಳೆಯನ್ನೇ ಹಾಕದ ಬರಿಯ ಆಮ್ಲವನ್ನೂ ಇದೇ ಕ್ರಮಕ್ಕೆ ಒಳಪಡಿಸಿ ಹೋಲಿಸಿ ನೋಡುತ್ತಾರೆ. ಅಪರಾಧಿಯನ್ನು ಹಿಡಿಯುವ ಮೊದಲು ನಿರಪರಾಧಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ವಿಜ್ಞಾನದ ಧರ್ಮ.

ಸೋಸಿದ ದ್ರವವನ್ನು ತುಂತುರು ಮಾಡಿ, ಹಲವು ಸಾವಿರ ಡಿಗ್ರಿ ಉಷ್ಣತೆಯ ಆರ್ಗಾನ್ ಅನಿಲದ ಜ್ವಾಲೆಯೊಳಕ್ಕೆ ಊದುತ್ತಾರೆ. ಆ ತಾಪದಲ್ಲಿ ಪ್ರತಿಯೊಂದು ಧಾತುವೂ ತನಗೇ ಮೀಸಲಾದ ಬೆಳಕನ್ನು ಹೊರಸೂಸುತ್ತದೆ. ಉಪ್ಪು ಬಿದ್ದ ಒಲೆಯ ಉರಿ ಹಳದಿಯಾಗುವುದಕ್ಕೂ ಇದೇ ಕಾರಣ. ಬೋರಾನಿನ ಗುರುತಾದ ಬೆಳಕಿನ ತರಂಗದೂರ ಸುಮಾರು 250 ನ್ಯಾನೋಮೀಟರ್. ಅತಿನೇರಿಳೆಯಾದುದರಿಂದ ಅದು ನಮ್ಮ ಕಣ್ಣಿಗೆ ಬೀಳದು, ಯಂತ್ರದ ಕಣ್ಣಿಗೆ ಬೀಳುತ್ತದೆ. ಬೆಳಕು ಹೆಚ್ಚಾದಷ್ಟೂ ಬೋರಾನ್ ಹೆಚ್ಚು. ಉದಾಹರಣೆಗೆ 0.2 ಗ್ರಾಂ ಲೋಳೆಯನ್ನು 10 ಮಿಲಿಲೀಟರ್ ಆಮ್ಲದಲ್ಲಿ ಹಾಕಿದಾಗ, ಲೀಟರಿಗೆ 8 ಮಿಲಿಗ್ರಾಂ ಬೋರಾನ್ ಇದೆಯೆಂದು ಯಂತ್ರ ತೋರಿಸಿತೆನ್ನೋಣ. ಆ 10 ಮಿಲಿಲೀಟರಿನಲ್ಲಿರುವುದು 0.08 ಮಿಲಿಗ್ರಾಂ. 0.2 ಗ್ರಾಂ ಲೋಳೆಯಿಂದ ಇಷ್ಟು ಬಂದರೆ ಒಂದು ಕಿಲೋಗ್ರಾಂನಿಂದ 400 ಮಿಲಿಗ್ರಾಂ. ಆ ಲೋಳೆ ಪರೀಕ್ಷೆಯಲ್ಲಿ ಅನುತ್ತೀರ್ಣ.

ಇಂತಹ ಪರೀಕ್ಷೆ ಕೇವಲ ಪುಸ್ತಕದ ಮಾತಲ್ಲ. 2018ರಲ್ಲಿ ಬ್ರಿಟನ್ನಿನ ‘ವಿಚ್?’ ಎಂಬ ಗ್ರಾಹಕರ ಸಂಸ್ಥೆಯು ಮಾರುಕಟ್ಟೆಯಿಂದ 11 ಬಗೆಯ ಲೋಳೆಯಾಟಿಕೆಗಳನ್ನು ಕೊಂಡು ಪರೀಕ್ಷೆಗೆ ಒಪ್ಪಿಸಿತು. ಅವುಗಳಲ್ಲಿ 8 ಆಟಿಕೆಗಳು 300ರ ಮಿತಿಯನ್ನು ಮೀರಿದ್ದವು. ಒಂದರಲ್ಲಂತೂ ಅದು ಮಿತಿಯ ನಾಲ್ಕು ಪಟ್ಟನ್ನೂ ದಾಟಿತ್ತು. ನಿಯಮವು ಕಾಗದದ ಮೇಲಿದ್ದರೂ, ಅಳೆದು ನೋಡುವವರಿಲ್ಲದಿದ್ದಾಗ ಅದು ಅಂಗಡಿಯ ಕಪಾಟನ್ನು ತಲಪಲಾರದೆಂಬುದು ಇದರಿಂದ ತಿಳಿದುಬಂತು. ಹಾಗೆಂದು ಮಿತಿ ಮೀರಿದ ಲೋಳೆಯನ್ನು ಒಮ್ಮೆ ಮುಟ್ಟಿದ ಮಗುವಿಗೆ ಕೂಡಲೆ ಅಪಾಯವಾಗುವುದೆಂದು ಭಾವಿಸಬೇಕಾಗಿಲ್ಲ. ಅರವತ್ತರಿಂದ ಭಾಗಿಸಿ, ಮತ್ತೆ ಹತ್ತನೆಯ ಒಂದು ಪಾಲಿಗೆ ಇಳಿಸಿದ ಮಿತಿ ಅದು. ಬಾವಿಯ ಅಂಚಿಗೆ ಅಲ್ಲ, ಅಂಚಿನಿಂದ ಬಹು ದೂರದಲ್ಲಿ ಕಟ್ಟಿದ ಬೇಲಿ. ಬೇಲಿ ದಾಟಿದವನು ಬಾವಿಗೆ ಬಿದ್ದೇಬಿಟ್ಟನೆಂದಲ್ಲ. ಆದರೆ ಕಣ್ಣು ಕಾಣದ ಕೂಸು ಬಾವಿಯ ಕಡೆಗೆ ಅಂಬೆಗಾಲಿಡುವಾಗ ಬೇಲಿ ದೂರದಲ್ಲಿಯೇ ಇರಬೇಕು.

ವಿಜ್ಞಾನ ಬೆಳೆದಂತೆ ಬೇಲಿಯೂ ಸರಿಯುತ್ತದೆ. ಸೀಸವು ಅತ್ಯಲ್ಪವಾಗಿದ್ದರೂ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಮಾರಕವೆಂಬುದು ದೃಢಪಟ್ಟ ಮೇಲೆ, ಅಂಟುವ ಆಟಿಕೆಗಳಲ್ಲಿ ಸೀಸಕ್ಕಿದ್ದ 3.4 ಮಿಲಿಗ್ರಾಂಗಳ ಮಿತಿಯನ್ನು ಯುರೋಪಿನಲ್ಲಿ 2017ರ ತಿದ್ದುಪಡಿಯಿಂದ 0.5 ಮಿಲಿಗ್ರಾಂಗೆ ಇಳಿಸಲಾಯಿತು.

ನಮ್ಮ ದೇಶದಲ್ಲಿ 2020ರಲ್ಲಿ ಹೊರಡಿಸಿದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಂತೆ ಹದಿನಾಲ್ಕು ವರ್ಷಕ್ಕೆ ಕೆಳಗಿನ ಮಕ್ಕಳ ಆಟಿಕೆಗಳು ಭಾರತೀಯ ಮಾನಕಕ್ಕೆ ಒಪ್ಪುವಂತಿದ್ದು ಐ.ಎಸ್.ಐ. ಮುದ್ರೆಯನ್ನು ಹೊಂದಿರಬೇಕು. ಆಟಿಕೆಗಳಿಂದ ಹೊರಬರಬಹುದಾದ ಆಂಟಿಮನಿ, ಆರ್ಸೆನಿಕ್, ಬೇರಿಯಂ, ಕ್ಯಾಡ್ಮಿಯಂ, ಕ್ರೋಮಿಯಂ, ಸೀಸ, ಪಾದರಸ, ಸೆಲೆನಿಯಂ ಎಂಬ ಎಂಟು ಧಾತುಗಳನ್ನು ಮಾನಕದ ಪರೀಕ್ಷೆಯಲ್ಲಿ ಇದೇ ತತ್ತ್ವದಂತೆ ಕೃತಕ ಜಠರರಸದಲ್ಲಿ ಅಳೆಯುತ್ತಾರೆ. ಬೋರಾನ್ ಈ ಎಂಟರ ಪಟ್ಟಿಗೆ ಸೇರಿದುದಲ್ಲ. ಆದುದರಿಂದ ಮುದ್ರೆಯನ್ನು ನೋಡಿ ಕೊಳ್ಳುವುದು ಎಷ್ಟು ಅಗತ್ಯವೋ, ಕೊಂಡ ಮೇಲೆ ಮನೆಯವರ ಕಣ್ಣು ಆಟಿಕೆಯ ಮೇಲಿರುವುದೂ ಅಷ್ಟೇ ಅಗತ್ಯ.

ನೀವು ಈಗ ಒಂಬತ್ತನೆಯ ತರಗತಿಯವರು. ಲೋಳೆಯನ್ನು ಬಾಯಿಗಿಡುವ ವಯಸ್ಸನ್ನು ದಾಟಿದ್ದೀರಿ. ಆದರೆ ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಇರಬಹುದು. ನೀವು ಆಡಿ ಮೇಜಿನ ಮೇಲೆ ಬಿಟ್ಟುಹೋದ ಲೋಳೆ ಅವರ ಕೈಗೆ ಸಿಕ್ಕುತ್ತದೆ. ಆಟ ಮುಗಿದೊಡನೆ ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಕೈತೊಳೆಯುವುದು, ಗಾಯವಿರುವ ಕೈಯಿಂದ ಮುಟ್ಟದಿರುವುದು, ಬಿಳಿಗಾರವನ್ನು ಅಳತೆಯಿಲ್ಲದೆ ಬೆರೆಸಿ ಮನೆಯಲ್ಲಿಯೇ ಲೋಳೆ ಮಾಡುವ ಸಾಹಸಕ್ಕೆ ಇಳಿಯದಿರುವುದು ಕಷ್ಟದ ಕೆಲಸಗಳಲ್ಲ. ತಾನು ತಿನ್ನುತ್ತಿರುವುದೇನೆಂದು ಕೇಳುವ ಶಕ್ತಿ ಆ ಕೂಸಿಗಿಲ್ಲ. ಅದರ ಪರವಾಗಿ ಪ್ರಯೋಗಶಾಲೆ ಕೇಳುತ್ತದೆ, ಕಾನೂನು ಕೇಳುತ್ತದೆ. ಮನೆಯಲ್ಲಿ ಕೇಳಬೇಕಾದವರು ನೀವು.